ಸ್ಫ್ಯಾಗ್ನಂ ಮಾಸ್ ಗಾಯಕ್ಕೆ ಕಟ್ತಿದ್ರಂತೆ, ನಿಜಾನಾ?

ಟೆರೇಸ್‌ತೋಟ:
ಆರ್ಕಿಡ್‌ಗೆ ಅಂತ ನರ್ಸರಿಯಿಂದ ಸ್ಫ್ಯಾಗ್ನಂ ಮಾಸ್ (ಜೌಗಲ್ಲಿ ಬೆಳೆಯೋ ಒಂಥರಾ ಪಾಚಿ) ತಂದೆ. ಒಣಗಿದಾಗ ಏನೂ ತೂಕಾನೇ ಇಲ್ಲ, ನೀರಿಗೆ ಹಾಕಿದ್ರೆ ಉಬ್ಬಿ ಅರ್ಧ ಬಕೆಟ್ ಆಯ್ತು. ಮೊದಲನೇ ಮಹಾಯುದ್ಧದಲ್ಲಿ ಇದನ್ನೇ ಬ್ಯಾಂಡೇಜ್ ಮಾಡ್ತಿದ್ರು ಅಂದ್ರು ಅಂಗಡಿಯವ್ರು. ರೈಲು ಬಿಡ್ತಿದಾರಾ? ನಮ್ಮನೇಲಿ ಪಾಚಿ ಅಂದ್ರೆ ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜೋದು ಅಷ್ಟೇ ಗೊತ್ತು.

ಹಳೇಪುಟ:
ರೈಲಲ್ಲ ಸರ್, ನಿಜಾನೇ. ಹತ್ತಿ ಎಲ್ಲಾ ಸಿಡಿಮದ್ದು ಮಾಡೋಕೆ, ಸಮವಸ್ತ್ರಕ್ಕೆ ಹೋಗ್ತಿತ್ತು, ಆಸ್ಪತ್ರೆಗೆ ಸಾಲ್ತಿರ್ಲಿಲ್ಲ. ಜರ್ಮನ್ನರು ಆಗ್ಲೇ ಇದನ್ನ ಬಳಸ್ತಿದ್ರು. ಸ್ಕಾಟ್ಲೆಂಡ್‌ನ ಎಡಿನ್‌ಬರೋದ ಸರ್ಜನ್ ಕ್ಯಾತ್‌ಕಾರ್ಟ್, ಅಲ್ಲಿನ ಸಸ್ಯತೋಟದ ಮುಖ್ಯಸ್ಥ ಬಾಲ್ಫರ್ ಇಬ್ರೂ 1914ರಲ್ಲಿ ಬ್ರಿಟನ್‌ನಲ್ಲೂ ಬಳಸ್ಬೇಕು ಅಂತ ಪೇಪರಲ್ಲಿ ಬರೆದ್ರು, ಆಮೇಲೆ ಸ್ಕಾಟ್ಲೆಂಡ್ ಐರ್ಲೆಂಡ್ ಕಡೆ ಹೆಂಗಸ್ರು ಮಕ್ಕಳೆಲ್ಲಾ ಜೌಗಿಗಿಳಿದು ಕಿತ್ತು ತಂದು, ಕಡ್ಡಿ ಹುಲ್ಲು ಆರ್ಸಿ ತೆಗೆದು, ಒಣಗ್ಸಿ, ಮಸ್ಲಿನ್ ಚೀಲದಲ್ಲಿ ತುಂಬಿ ಕಳಿಸ್ತಿದ್ರು. 1918ರ ಹೊತ್ತಿಗೆ ತಿಂಗಳಿಗೆ ಸುಮಾರು 10 ಲಕ್ಷ ಬ್ಯಾಂಡೇಜ್!

ಬಾಟನಿಮೇಷ್ಟ್ರು:
ಅದ್ರ ಎಲೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೊತ್ತಾಗತ್ತೆ. ತೆಳ್ಳಗಿನ ಹಸಿರು ಜೀವಕೋಶಗಳ ಮಧ್ಯೆ ದೊಡ್ಡ ದೊಡ್ಡ ಖಾಲಿ ಸತ್ತ ಕೋಶ, ಅದರ ಗೋಡೇಲಿ ತೂತು. ಅಲ್ಲೇ ನೀರು ಕೂರೋದು, ಒಣ ತೂಕದ 20 ಪಟ್ಟುವರೆಗೂ. ಹತ್ತಿ 5-6 ಪಟ್ಟು ಹೀರಿದ್ರೆ ಹೆಚ್ಚು. ಕೀವು ಒಂದೇ ಕಡೆ ನಿಲ್ದೆ ಪೂರ್ತಿ ಹರಡ್ಕೊಳತ್ತೆ, ಹಂಗಾಗಿ ಪದೇ ಪದೇ ಬಿಚ್ಚಿ ಕಟ್ಟೋದು ತಪ್ಪತ್ತೆ. ಜೊತೆಗೆ ಸುತ್ತ ಆಮ್ಲೀಯ ಮಾಡೋದ್ರಿಂದ ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಬೆಳೆಯಲ್ಲ. ಕೆನಡಾದ ಕ್ರೀ ಬುಡಕಟ್ಟಿನ ಜನ ಕೂಸುಗಳಿಗೆ ಡೈಪರ್ ಥರ ಬಳಸ್ತಿದ್ದಿದ್ದೂ ಇದೇ ಹೀರೋ ಗುಣಕ್ಕೆ.

ಬೆಟ್ಟದಹುಡ್ಗ:
ನಮ್ ದೇಶದಲ್ಲೂ ಇದೆ ಗುರು, ಸ್ಫ್ಯಾಗ್ನಂ ಅಂತಲ್ಲ, ಬೇರೆ ಜಾತಿ ಪಾಚಿ. ಉತ್ತರಾಖಂಡದ ಕುಮಾಊಂ ಕಡೆ ಸೇಬು, ಪ್ಲಮ್ ಪೆಟ್ಟಿಗೆಗೆ ತುಂಬುವಾಗ ಮಧ್ಯ ಪಾಚಿ ಇಡ್ತಾರೆ, ಹಣ್ಣಿಗೆ ಪೆಟ್ಟು ಬೀಳಲ್ಲ.

ಟೆರೇಸ್‌ತೋಟ:
ಸೂಪರ್! ಹಂಗಾದ್ರೆ ಕೈ ಕುಯ್ಕೊಂಡಾಗ ಇದನ್ನೇ ಇಟ್ಕೊಂಡ್ರೆ ಆಯ್ತು 😄

ಬಾಟನಿಮೇಷ್ಟ್ರು:
ದಯವಿಟ್ಟು ಬೇಡ. ನರ್ಸರಿ ಮಾಸ್ ಗಾಯಕ್ಕೆ ಹಾಕೋಕೆ ತಯಾರು ಮಾಡಿದ್ದಲ್ಲ. ಇದ್ರಲ್ಲಿ ಸ್ಪೊರೋಥ್ರಿಕ್ಸ್ ಅನ್ನೋ ಶಿಲೀಂಧ್ರ ಇರಬಹುದು, ತರಚು ಗಾಯದಿಂದ ಒಳಗೆ ಹೋದ್ರೆ ಚರ್ಮದ ಮೇಲೆ ಸಾಲಾಗಿ ಗಂಟು ಏಳತ್ತೆ. 1988ರಲ್ಲಿ ಅಮೆರಿಕದಲ್ಲಿ ಸಸಿ ಪ್ಯಾಕ್ ಮಾಡಿದ್ದ ಮಾಸ್‌ನಿಂದ ಈ ಕಾಯಿಲೆ ಹಲವು ರಾಜ್ಯಗಳಲ್ಲಿ ಹಬ್ಬಿತ್ತು. ಆರ್ಕಿಡ್ ಕುಂಡಕ್ಕೆ ತುಂಬುವಾಗ್ಲೂ ಗ್ಲೌಸ್ ಹಾಕ್ಕೊಳ್ಳಿ, ಗುಲಾಬಿ ಮುಳ್ಳು ಚುಚ್ಚಿರೋ ಕೈ ಆದ್ರಂತೂ ಖಂಡಿತ.