ಡಿಮ್ಮಬಲ್ ಎಲ್‌ಇಡಿ ಹಾಕಿದರೂ ಮಿಣಮಿಣ ಅನ್ನುತ್ತಿದೆ, ತಪ್ಪು ಬಲ್ಬಿನದಾ ಡಿಮ್ಮರಿನದಾ?

ಹಾಸನದ_ಹಳೇಮನೆ:
ನಮ್ಮ ಹಾಲ್‌ನಲ್ಲಿ ಐದು ಬಲ್ಬಿನ ತೂಗುದೀಪ ಇದೆ. ಅದಕ್ಕೆ ಮೊದಲಿಂದಲೂ ತಿರುಗಿಸುವ ಡಿಮ್ಮರ್. 40 ವ್ಯಾಟಿನ ಹಳದಿ ಬಲ್ಬುಗಳಿದ್ದಾಗ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ ಐದಕ್ಕೂ 5 ವ್ಯಾಟಿನ ಎಲ್‌ಇಡಿ ಹಾಕಿಸಿದೆವು, ಡಬ್ಬಿಯ ಮೇಲೆ ಡಿಮ್ಮಬಲ್ ಅಂತಲೇ ಇದೆ. ಪೂರ್ತಿ ಬೆಳಕಿನಲ್ಲಿ ಚೆನ್ನಾಗಿದೆ. ಅರ್ಧಕ್ಕೆ ಇಳಿಸಿದರೆ ಮಿಣಮಿಣ ಶುರು, ಇನ್ನೂ ಇಳಿಸಿದರೆ ಒಂದೆರಡು ಆರಿ ಉಳಿದವು ಮಾತ್ರ ಉರಿಯುತ್ತವೆ, ಬೋರ್ಡಿನ ಒಳಗಿಂದ ಗುಂಯ್ ಅನ್ನೋ ಸದ್ದು ಬೇರೆ. ಅಂಗಡಿಯವರು ಬಲ್ಬ್ ಸರಿಯಿದೆ ಅಂತಾರೆ, ಎಲೆಕ್ಟ್ರಿಷಿಯನ್ ಡಿಮ್ಮರ್ ಸರಿಯಿದೆ ಅಂತಾರೆ. ಯಾರ ಮಾತು ನಂಬೋದು?

ಇನ್ನೊಂದು ವಿಷಯ. ಮಲಗೋ ಕೋಣೆಯ ಬಲ್ಬಿಗೆ ಫ್ಯಾನ್ ರೆಗ್ಯುಲೇಟರನ್ನೇ ಹಾಕಿಬಿಡೋಣ, ಸುಮ್ನೆ ಡಿಮ್ಮರಿಗೆ ಯಾಕೆ ದುಡ್ಡು ಅಂತಿದ್ದಾರೆ ಮನೆಯಲ್ಲಿ. ನಡೆಯುತ್ತಾ?

ವೈರಿಂಗ್_ಮಾವ:
ಇಬ್ಬರೂ ಸುಳ್ಳು ಹೇಳ್ತಿಲ್ಲ. ಗಂಡೂ ಚೆನ್ನಾಗಿದೆ, ಹೆಣ್ಣೂ ಚೆನ್ನಾಗಿದೆ, ಜಾತಕ ಕೂಡಿಬಂದಿಲ್ಲ ಅಷ್ಟೆ.

ಮೇನ್ ಆಫ್ ಮಾಡಿ ಡಿಮ್ಮರನ್ನು ಬೋರ್ಡಿನಿಂದ ಬಿಚ್ಚಿ ಹಿಂಭಾಗ ನೋಡಿ. 60–400 ವ್ಯಾಟ್ ಅನ್ನೋ ಥರ ಎರಡು ಅಂಕಿ ಇರಬಹುದು. ಎಲ್ಲರೂ ದೊಡ್ಡ ಅಂಕಿ ನೋಡ್ತಾರೆ, ನಿಮಗೆ ಬೇಕಾಗಿರೋದು ಚಿಕ್ಕದು, ಅಂದರೆ ಕನಿಷ್ಠ ಎಷ್ಟು ಲೋಡ್ ಇರಬೇಕು ಅನ್ನೋದು. ಹಳೇ ಬಲ್ಬುಗಳ ಲೋಡ್ 200 ವ್ಯಾಟ್ ಇತ್ತು, ಈಗ ಐದೂ ಸೇರಿ 25. ಹಳೇ ಡಿಮ್ಮರಿನಲ್ಲಿರುವ ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಹಿಡಿದು ನಿಲ್ಲೋಕೆ ಒಂದಿಷ್ಟಾದರೂ ಕರೆಂಟ್ ಹರಿಯಬೇಕು, ಅಷ್ಟು ಇಲ್ಲದಿದ್ದರೆ ಮಧ್ಯದಲ್ಲೇ ಕೈಬಿಡುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ, ಒಂದೊಂದರಲ್ಲೂ ಎರಡು ಅರ್ಧ, ಹಾಗಾಗಿ ಈ ಆಟ ಸೆಕೆಂಡಿಗೆ 100 ಸಲ ನಡೀತಿರುತ್ತೆ. ಕೆಲವು ಸಲ ಹಿಡಿದು ಕೆಲವು ಸಲ ಬಿಟ್ಟರೆ ಕಣ್ಣಿಗೆ ಮಿಣಮಿಣ.

ಗುಂಯ್ ಸದ್ದಿಗೂ ಕಾರಣ ಡಿಮ್ಮರಿನ ಕಡೆಯೇ ಇದೆ. ಹಳೇ ಡಿಮ್ಮರ್ ಪ್ರತಿ ಅರ್ಧ ಅಲೆಯ ಮುಂಭಾಗ ಕತ್ತರಿಸಿ, ಆಮೇಲೆ ವೋಲ್ಟೇಜನ್ನು ಒಮ್ಮೆಲೇ ಬಿಡುತ್ತೆ. ತಂತಿ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ತಂತಿ ಅಷ್ಟರಲ್ಲಿ ತಣ್ಣಗಾಗೋದೇ ಇಲ್ಲ. ಎಲ್‌ಇಡಿ ಒಳಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಅನ್ನೋ ಸರ್ಕ್ಯೂಟಿಗೆ ಪ್ರತಿ ಸಲವೂ ಅದು ಏಟು. ಅಂಗಡಿಯಲ್ಲಿ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಅಂತ ಕೇಳಿ. ಅದು ಅಲೆಯ ಹಿಂಭಾಗ ಕತ್ತರಿಸುತ್ತೆ, ಎಲ್‌ಇಡಿಗೆ ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತೆ, ಕೆಲವೇ ವ್ಯಾಟ್ ಲೋಡ್ ಇದ್ದರೂ ಸಾಕು. ಎಲ್‌ಇಡಿಗೆ ಎಷ್ಟು ವ್ಯಾಟ್ ಅಂತ ಬೇರೆಯಾಗಿ ಬರೆದಿರೋದನ್ನೇ ತಗೊಳ್ಳಿ, ಅದು ತಂತಿ ಬಲ್ಬಿನ ಅಂಕಿಗಿಂತ ತುಂಬಾ ಕಡಿಮೆ ಇರುತ್ತೆ.

ದುಡ್ಡು ಹಾಕೋ ಮೊದಲು ಒಂದು ಪರೀಕ್ಷೆ. ಐದರಲ್ಲಿ ಒಂದು ತೆಗೆದು ಹಳೇ 40 ವ್ಯಾಟಿನ ಬಲ್ಬ್ ಹಾಕಿ. ಮಿಣಮಿಣ ನಿಂತರೆ ರೋಗ ಲೋಡಿನದೇ.

ಸರ್ಕ್ಯೂಟ್_ಹುಡುಗಿ:
ಫ್ಯಾನ್ ರೆಗ್ಯುಲೇಟರ್ ಬೇಡವೇ ಬೇಡ. ಸ್ಟೆಪ್ ಇರುವ ರೆಗ್ಯುಲೇಟರ್ ಒಳಗೆ ಇರೋದು ಕೆಪಾಸಿಟರ್, ಅದು ಫ್ಯಾನಿನ ಮೋಟರಿಗೆ ಮಾಡಿದ್ದು. ಎಲ್‌ಇಡಿ ಡ್ರೈವರ್ ಒಳಗೆ ಬರೋದು ಕಡಿಮೆಯಾದರೂ ಬೆಳಕನ್ನು ಹಾಗೇ ಇಟ್ಟುಕೊಳ್ಳೋಕೆ ನೋಡುತ್ತೆ. ಹಾಗಾಗಿ ಎರಡು ಸ್ಟೆಪ್ ಇಳಿಸಿದರೂ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಬಡಬಡ ಮಿಟುಕುತ್ತೆ. ಬಲ್ಬಿನ ಆಯಸ್ಸೂ ಹಾಳು.

ಮಲಗೋ ಕೋಣೆಗೆ ಡಿಮ್ಮರೇ ಬೇಕಾ ಅಂತ ಯೋಚಿಸಿ. ಸ್ವಿಚ್ಚನ್ನು ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಬೆಳಕು ಬದಲಾಗುವ ಬಲ್ಬುಗಳಿವೆ, ಫಿಲಿಪ್ಸ್‌ನ ಸೀನ್‌ಸ್ವಿಚ್ ಆ ಜಾತಿಯದು. ಸಾದಾ ಸ್ವಿಚ್ ಸಾಕು. ಮೂರು ಹಂತ ಸಿಕ್ಕರೆ ಓದೋಕೂ ಆಯ್ತು, ಮಲಗೋಕೂ ಆಯ್ತು. ಸ್ಮಾರ್ಟ್ ಬಲ್ಬ್ ತಗೊಂಡರೆ ಅದನ್ನು ಯಾವ ಕಾರಣಕ್ಕೂ ಡಿಮ್ಮರ್ ಇರುವ ಲೈನಿಗೆ ಹಾಕಬೇಡಿ, ಮಂದ ಮಾಡೋ ಕೆಲಸ ಅದೇ ಒಳಗೆ ಮಾಡಿಕೊಳ್ಳುತ್ತೆ. ಆದರೆ ಮನೆಯಲ್ಲಿ ಹಿರಿಯರಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿಬಿಡ್ತಾರೆ, ಆಮೇಲೆ ಆ್ಯಪ್ ಹಿಡಿದುಕೊಂಡು ಕೂತಿರಬೇಕಾಗುತ್ತೆ.

ಯುಪಿಎಸ್_ಪುರಾಣ:
ಇನ್ವರ್ಟರ್ ಇದೆಯಾ? ಯಾರೂ ಇದನ್ನು ಕೇಳಲೇ ಇಲ್ಲ. ಸ್ಕ್ವೇರ್ ವೇವ್ (ಚೌಕದ ಥರ ಒಮ್ಮೆಲೇ ಏರಿಳಿಯುವ ಅಲೆ ಕೊಡುವ) ಇನ್ವರ್ಟರ್ ಆದರೆ ಎಷ್ಟು ಒಳ್ಳೇ ಡಿಮ್ಮರ್ ತಂದರೂ ಕರೆಂಟ್ ಹೋದ ಕೂಡಲೇ ಸದ್ದು, ಮಿಣಮಿಣ ವಾಪಸ್ ಬರಬಹುದು, ಯಾಕಂದ್ರೆ ಡಿಮ್ಮರ್ ಕತ್ತರಿಸೋದು ಮೇನ್ ಲೈನಿನ ನುಣುಪಾಗಿ ಏರಿಳಿಯುವ ಸೈನ್ ಅಲೆಯನ್ನು ನಂಬಿಕೊಂಡು. ಆ ತೂಗುದೀಪವನ್ನು ಇನ್ವರ್ಟರ್ ಲೈನಿನಿಂದ ಹೊರಗಿಡಿ.

ಹಾಸನದ_ಹಳೇಮನೆ:
ಹಿಂದೆ 60–400 ಅಂತಲೇ ಇದೆ! ಹಳೇ ಬಲ್ಬ್ ಒಂದು ಹಾಕಿದೆ, ಮಿಣಮಿಣ ಮಾಯ. ಸದ್ದು ಮಾತ್ರ ಸ್ವಲ್ಪ ಇದೆ. ಹಾಗಾದರೆ ಒಂದು ಹಳದಿ ಬಲ್ಬ್ ಹಾಗೇ ಬಿಟ್ಟರೆ ಆಗಲ್ವಾ? ಇನ್ವರ್ಟರ್ ಸೈನ್ ವೇವ್ ಇದೆ.

ವೈರಿಂಗ್_ಮಾವ:
ಬಿಡಬಹುದು, ಆದರೆ ಉಳಿದ ನಾಲ್ಕಕ್ಕಿಂತ ಜಾಸ್ತಿ ಕರೆಂಟ್ ಅದೊಂದೇ ತಿನ್ನುತ್ತೆ, ಮತ್ತೆ ಎಲ್‌ಇಡಿ ಯಾಕೆ ಹಾಕಿದ್ದು? ನೋಡೋಕೂ ಚೆಂದ ಇರಲ್ಲ. ಹಳದಿ ಬಲ್ಬ್ ಇಳಿಸಿದಂತೆ ಕೆಂಪಗಾಗುತ್ತೆ, ಎಲ್‌ಇಡಿಯ ಬಣ್ಣ ಹಾಗೇ ಇರುತ್ತೆ. ಡಿಮ್ಮರನ್ನೇ ಬದಲಾಯಿಸಿ. ಒಳ್ಳೇದರಲ್ಲಿ ಪಕ್ಕಕ್ಕೋ ಮುಚ್ಚಳದ ಕೆಳಗೋ ಒಂದು ಸಣ್ಣ ಸ್ಕ್ರೂ ಇರುತ್ತೆ. ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿ, ಐದೂ ಬಲ್ಬು ಸ್ಥಿರವಾಗಿ ಉರಿಯುವ ತನಕ ಆ ಸ್ಕ್ರೂ ಸರಿಮಾಡಿಸಿ, ಆಮೇಲೆ ಅದಕ್ಕಿಂತ ಕೆಳಗೆ ಹೋಗೋದೇ ಇಲ್ಲ. ಮುಂದೆ ಒಂದು ಬಲ್ಬ್ ಸುಟ್ಟರೆ ಅದೇ ಕಂಪನಿಯ ಅದೇ ಮಾಡೆಲ್ ಹಾಕಿ. ಬೇರೆ ಬೇರೆ ಬೆರೆಸಿದರೆ ಒಂದು ಬೇಗ ಆರುತ್ತೆ, ಇನ್ನೊಂದು ತಡವಾಗಿ.

ಸರ್ಕ್ಯೂಟ್_ಹುಡುಗಿ:
ಮತ್ತೆ ಬಣ್ಣ ನೋಡಿಕೊಳ್ಳಿ. ಹೊಸ ಬಲ್ಬ್ ತರುವಾಗ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರೋ ಹಳದಿ ಬೆಳಕಿನದು ತಗೊಳ್ಳಿ. 6500ರ ಬಿಳಿ ಬೆಳಕಿನದ್ದನ್ನು ಮಂದ ಮಾಡಿದರೆ ಹಾಲ್ ಬೂದಿ ಬಣ್ಣಕ್ಕೆ ತಿರುಗುತ್ತೆ.