ಬ್ಯಾನರಿನ ಮೇಲೆ ಯಾರ ಹೆಸರು? ರಸಮಂಜರಿ ತಂಡ ನಡೆಸುವ ಹೆಣ್ಣುಮಗಳ ಪ್ರಶ್ನೆ

ದಾವಣಗೆರೆಯ ನಿರೂಪಕಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಆರತಕ್ಷತೆ, ಸೀಮಂತ, ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ನಿರೂಪಣೆ ಮಾಡುತ್ತಾ ಬಂದಿದ್ದೇನೆ. ನಾಲ್ಕು ವರ್ಷಗಳ ಹಿಂದೆ ನನ್ನದೇ ರಸಮಂಜರಿ ತಂಡ ಕಟ್ಟಿದೆ. ಇಬ್ಬರು ಗಾಯಕಿಯರು, ಒಬ್ಬ ಗಾಯಕ, ಕೀಬೋರ್ಡ್, ತಬಲಾ ಮತ್ತು ರಿದಮ್ ಪ್ಯಾಡ್ ನುಡಿಸುವ ಮೂವರು, ಮೈಕ್ ಸೆಟ್ಟಿನ ಹುಡುಗರಿಬ್ಬರು, ನನ್ನನ್ನೂ ಸೇರಿಸಿ ಒಂಬತ್ತು ಮಂದಿ. ಕೆಲಸಕ್ಕೇನೂ ಕೊರತೆಯಿಲ್ಲ, ಆದರೆ ಈ ತಂಡ ನನ್ನದು ಎಂಬುದು ಊರಿಗೆ ಗೊತ್ತಿಲ್ಲ.

ಕಳೆದ ವೈಶಾಖದಲ್ಲಿ ಹರಿಹರದ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆಯಿತ್ತು. ಏಳಕ್ಕೆ ಕಾರ್ಯಕ್ರಮ, ಆರೂವರೆಗೆ ಒಂದು ಸ್ಪೀಕರ್ ಕೈಕೊಟ್ಟಿತು. ಸೆರಗು ಸಿಕ್ಕಿಸಿಕೊಂಡು ವೇದಿಕೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮೊಬೈಲಿನ ಬೆಳಕು ಬಿಟ್ಟು, ಯಾವ ವೈರು ಸಡಿಲವಾಗಿದೆಯೆಂದು ಹುಡುಗನಿಗೆ ತೋರಿಸಿದವಳು ನಾನು. ಕಾರ್ಯಕ್ರಮ ಮುಗಿದ ಮೇಲೆ ರಸೀದಿ ಪುಸ್ತಕ ಹಿಡಿದು ನಿಂತಿದ್ದಾಗ ಹುಡುಗಿಯ ಸೋದರಮಾವ ಬಂದು, "ನಿಮ್ಮ ಓನರ್ ಎಲ್ಲಿ ಹೋದ್ರಮ್ಮಾ? ಬಾಕಿ ದುಡ್ಡು ಅವರ ಕೈಗೇ ಕೊಡ್ತೀನಿ" ಎಂದರು. ನಾನೇ ಎಂದರೆ ನಕ್ಕು, ಕೀಬೋರ್ಡ್ ಬಿಚ್ಚುತ್ತಿದ್ದ ಇಪ್ಪತ್ತೆರಡರ ಹುಡುಗನ ಕೈಗೆ ಲಕೋಟೆ ಕೊಟ್ಟರು. ಅವನು ಅದನ್ನು ತೆರೆಯದೆ ನನಗೆ ದಾಟಿಸಿದ. ಅವರನ್ನು ದೂರಿ ಫಲವಿಲ್ಲ, ಏಕೆಂದರೆ ವೇದಿಕೆಯ ಬ್ಯಾನರಿನಲ್ಲಿದ್ದದ್ದು ನಮ್ಮನ್ನು ಕರೆಸಿದ ಇವೆಂಟ್ ಸಂಸ್ಥೆಯ ಹೆಸರು. ಮುಂಗಡವನ್ನು ಆ ಸಂಸ್ಥೆ ಇಟ್ಟುಕೊಳ್ಳುವುದು, ಬಾಕಿಯನ್ನು ನಾವು ಮನೆಯವರಿಂದ ಪಡೆಯುವುದು, ಅಲ್ಲಿ ನಮ್ಮ ವಿಸಿಟಿಂಗ್ ಕಾರ್ಡನ್ನು ಯಾರಿಗೂ ಕೊಡದಿರುವುದು ಎಂದು ಬಾಯಿಮಾತಿನ ಕರಾರಾಗಿತ್ತು.

ಇನ್ನು ಮುಂದೆ ನನ್ನ ಹೆಸರಿನಲ್ಲಿಯೇ ಗುರುತಿಸಿಕೊಳ್ಳಬೇಕೆಂದಿದ್ದೇನೆ. ತಂಡಕ್ಕೆ ನನ್ನ ಹೆಸರಿಡುವುದೋ, ಬೇರೊಂದು ಹೆಸರೋ? ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೊಂದು ರೀಲ್ಸ್ ಹಾಕಲೇಬೇಕೇ? ನಂಬರು ಬ್ಯಾನರಿನಲ್ಲಿ ಬಿದ್ದ ಮೇಲೆ ರಾತ್ರಿ ಹನ್ನೊಂದಕ್ಕೂ ಬರುವ ಕರೆಗಳನ್ನು ಹೇಗೆ ನಿಭಾಯಿಸುತ್ತೀರಿ? ಈ ಕಸುಬಿನಲ್ಲಿರುವ ಹೆಣ್ಣುಮಕ್ಕಳು ದಯವಿಟ್ಟು ತಿಳಿಸಬೇಕು.

ಶಿವಮೊಗ್ಗದ ಶಾಮಿಯಾನದವಳು:

ಅಕ್ಕಾ, ಆ ಲಕೋಟೆಯ ಕಥೆ ನನ್ನದೂ ಹೌದು. ಅಪ್ಪ ನಡೆಸುತ್ತಿದ್ದ ಶಾಮಿಯಾನ ಮತ್ತು ಧ್ವನಿವರ್ಧಕದ ಅಂಗಡಿಯನ್ನು ಈಗ ನಾನು ನೋಡಿಕೊಳ್ಳುತ್ತೇನೆ, ಜೊತೆಗೆ ಕಾರ್ಯಕ್ರಮಗಳನ್ನೂ ಒಪ್ಪಿಕೊಳ್ಳುತ್ತೇನೆ. ಮೊದಲೆರಡು ವರ್ಷ "ಯಜಮಾನರಿಗೆ ಫೋನ್ ಕೊಡಿ" ಎಂಬ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಟ್ಟಿಲ್ಲ.

ನನ್ನ ಮಟ್ಟಿಗೆ ಹೆಸರು ತಂದುಕೊಟ್ಟದ್ದು ಫೋಟೋ ಅಲ್ಲ, ಗಡಿಯಾರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಗಣೇಶನ ಪೆಂಡಾಲಿನವರು ಹತ್ತಾದರೂ ಬಿಡದೆ "ಇನ್ನೊಂದು ಹಾಡು" ಎನ್ನುತ್ತಾರೆ, ಪೊಲೀಸರು ಬರುತ್ತಾರೆ, ಮುಜುಗರವಾಗುವುದು ಸಮಿತಿಯ ಹಿರಿಯರಿಗೆ. ನಾನು ಒಂಬತ್ತು ಮುಕ್ಕಾಲಿಗೆ ಮಂಗಳ ಹಾಡಿಸಿ, ಹತ್ತಕ್ಕೆ ಐದು ನಿಮಿಷವಿರುವಾಗಲೇ ಆಂಪ್ಲಿಫೈಯರ್ ಆರಿಸುತ್ತಿದ್ದೆ. ಹುಡುಗರು ಬೈದುಕೊಂಡರು, ಸಮಿತಿಯವರು ಮರುವರ್ಷವೂ ಕರೆದರು. ಈಗ ಎರಡು ಬಡಾವಣೆಗಳಲ್ಲಿ ನನ್ನನ್ನು "ಹತ್ತು ಗಂಟೆ ಅಕ್ಕ" ಎನ್ನುತ್ತಾರೆ. ಗೇಲಿಯಲ್ಲಿ ಹುಟ್ಟಿದ ಹೆಸರದು, ಆದರೆ ಕೆಲಸ ಬರುವುದು ಅದರಿಂದಲೇ. ನಿಮ್ಮ ಬಗ್ಗೆಯೂ ಜನ ಅಂಥದೊಂದು ಮಾತನ್ನು ಆಗಲೇ ಆಡುತ್ತಿರಬಹುದು, ವಿಚಾರಿಸಿ ನೋಡಿ.

ಫೋನಿನ ವಿಷಯಕ್ಕೆ ಬಂದರೆ, ಮನೆಯ ನಂಬರನ್ನು ಬ್ಯಾನರಿಗೆ ಕೊಡಲೇಬೇಡಿ. ಬೇರೊಂದು ಸಿಮ್ ತೆಗೆದು ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಂಡರೆ ಕೆಲಸದ ವೇಳೆಯನ್ನು ಅದರಲ್ಲಿಯೇ ಬರೆಯಬಹುದು, ವೇಳೆ ಮೀರಿ ಬಂದ ಸಂದೇಶಕ್ಕೆ ತಾನಾಗಿಯೇ ಉತ್ತರ ಹೋಗುತ್ತದೆ. ನಾನು ರಾತ್ರಿ ಎಂಟಕ್ಕೆ ಆ ಫೋನನ್ನು ಮುಚ್ಚಿಡುತ್ತೇನೆ. ಕಾರ್ಯಕ್ರಮವಿರುವ ದಿನ ಮಾತ್ರ ತೆರೆದಿರುತ್ತದೆ. ಗೂಗಲ್ ನಕ್ಷೆಯಲ್ಲಿ ವ್ಯವಹಾರ ನೋಂದಾಯಿಸುವಾಗ ಮನೆ ವಿಳಾಸ ಕಾಣದಂತೆ, ಸೇವೆ ಕೊಡುವ ಊರುಗಳಷ್ಟೇ ಕಾಣುವಂತೆ ಇಡಲು ಅವಕಾಶವಿದೆ. ಮನೆಯಿಂದಲೇ ಕೆಲಸ ನಡೆಸುವ ಹೆಂಗಸರು ಇದನ್ನು ಮರೆಯಬಾರದು.

ಹುಬ್ಬಳ್ಳಿಯ ಲೆಕ್ಕಪತ್ರದವರು:

ಮೇಡಂ, ಹೆಸರಿನ ಆಯ್ಕೆಯಲ್ಲಿ ಕಾನೂನಿನ ಒಂದು ಮುಖವೂ ಇದೆ. ಮನರಂಜನಾ ಸೇವೆಗಳು ಟ್ರೇಡ್‌ಮಾರ್ಕ್ ನೋಂದಣಿಯ 41ನೇ ವರ್ಗಕ್ಕೆ ಸೇರುತ್ತವೆ. ವೈಯಕ್ತಿಕವಾಗಿ ಆನ್‌ಲೈನ್ ಅರ್ಜಿ ಹಾಕುವವರಿಗೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಬರೀ "ರಸಮಂಜರಿ", "ಮೆಲೋಡಿ ಆರ್ಕೆಸ್ಟ್ರಾ" ಎಂಬಂಥ, ಕೆಲಸವನ್ನೇ ವರ್ಣಿಸುವ ಪದಗಳಿಗೆ ನೋಂದಣಿ ಸಿಗುವುದು ಕಷ್ಟ. ಇದಕ್ಕಿಂತ ಮುಖ್ಯವಾದದ್ದು, ಹೆಸರಿಗೆ ತಕರಾರು ಬಂದಾಗ ಯಾರು ಮೊದಲಿನಿಂದ ಅದನ್ನು ಬಳಸಿದ್ದಾರೆ ಎಂಬುದಕ್ಕೆ ತೂಕವಿದೆ. ಆದ್ದರಿಂದ ನಿಮ್ಮ ಹೆಸರಿರುವ ಬ್ಯಾನರಿನ ಫೋಟೋ, ರಸೀದಿ, ಕರಪತ್ರ, ಎಲ್ಲವನ್ನೂ ದಿನಾಂಕ ಸಮೇತ ಎತ್ತಿಡಿ. ಮತ್ತೊಬ್ಬರ ಬ್ಯಾನರಿನಡಿ ನಾಲ್ಕು ವರ್ಷ ದುಡಿದದ್ದಕ್ಕೆ ಅಂಥ ದಾಖಲೆ ನಿಮ್ಮ ಬಳಿ ಇರಲಾರದು, ನಷ್ಟವಾಗಿರುವುದು ಅಲ್ಲಿಯೇ.

ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮಾಡಿಸಿಕೊಳ್ಳಿ. ಇಡೀ ತಂಡದ ಸಂಭಾವನೆಯನ್ನು ನಿಮ್ಮ ಹೆಸರಿನಲ್ಲಿಯೇ ಬಿಲ್ ಮಾಡುವುದಾದರೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದಾಗ ಜಿಎಸ್‌ಟಿ ಬರುತ್ತದೆ. ಅಲ್ಲಿ ನೋಡುವುದು ಲಾಭವನ್ನಲ್ಲ, ಬಿಲ್ಲಿನ ಮೊತ್ತವನ್ನು.

ಬೆಂಗಳೂರಿನ ಕಾರ್ಪೊರೇಟ್ ನಿರೂಪಕಿ:

ಶಿವಮೊಗ್ಗದ ಅಕ್ಕನ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬಡಾವಣೆಯಲ್ಲಿ ಬಾಯಿಮಾತು ಸಾಕು, ಆದರೆ ಕಂಪನಿಗಳ ರಾಜ್ಯೋತ್ಸವಕ್ಕೆ ಕರೆಯುವವರು ನಮ್ಮನ್ನು ಕಂಡವರೇ ಅಲ್ಲ. ಅವರು ವಿಡಿಯೋ ಕೇಳುತ್ತಾರೆ, ಅದರಲ್ಲಿ ಮುಖ ಕಾಣಬೇಕು. ಹಾಗೆಂದು ದಿನಕ್ಕೊಂದು ರೀಲ್ಸ್ ಬೇಕಿಲ್ಲ. ನನ್ನ ಅನುಭವದಲ್ಲಿ ಮೂರೇ ತುಣುಕುಗಳು ಕೆಲಸ ತಂದವು. ಒಂದು ಕಾರ್ಯಕ್ರಮದ ಆರಂಭದ ಮಾತು, ಇನ್ನೊಂದು ಪ್ರೇಕ್ಷಕರನ್ನು ಆಟವಾಡಿಸಿದ್ದು, ಮೂರನೆಯದು ಕರೆಂಟ್ ಹೋದಾಗ ಮೈಕಿಲ್ಲದೆ ಆರು ನಿಮಿಷ ಸಭೆಯನ್ನು ಹಿಡಿದಿಟ್ಟದ್ದು.

ಸಿನಿಮಾ ಹಾಡಿಗೆ ಕುಣಿದ ವಿಡಿಯೋದಲ್ಲಿ ಜನರ ನೆನಪಿಗೆ ಉಳಿಯುವುದು ಹಾಡೇ ಹೊರತು ನೀವಲ್ಲ, ಹಕ್ಕುಸ್ವಾಮ್ಯದ ಕಾರಣಕ್ಕೆ ಧ್ವನಿಯನ್ನೇ ಅಡಗಿಸಿಬಿಡುವುದೂ ಉಂಟು. 1957ರ ಹಕ್ಕುಸ್ವಾಮ್ಯ ಕಾಯ್ದೆ ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ಬಳಸಲು ವಿನಾಯಿತಿ ಕೊಟ್ಟಿದೆ, ಆದರೆ ಕಂಪನಿಯ ವಾರ್ಷಿಕೋತ್ಸವಕ್ಕೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಪರವಾನಗಿಯನ್ನು ಯಾರು ಪಡೆಯಬೇಕೆಂದು ಮೊದಲೇ ಬರೆಸಿಕೊಳ್ಳಿ. ಮದುವೆಯ ವಿಡಿಯೋ ಹಾಕುವ ಮುನ್ನ ಮನೆಯವರ ಒಪ್ಪಿಗೆಯೂ ಬೇಕು. ಅದಕ್ಕೆಂದು ಕರಾರುಪತ್ರದಲ್ಲಿಯೇ ಒಂದು ಸಾಲು ಸೇರಿಸಿಬಿಟ್ಟಿದ್ದೇನೆ.

ಮೈಸೂರಿನ ಹಳೇ ನಾಟಕದ ಹುಚ್ಚ:

ನಾನು ಈ ವ್ಯಾಪಾರದವನಲ್ಲ, ಪ್ರೇಕ್ಷಕ ಮಾತ್ರ. ಆದರೂ ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ತಂಡಕ್ಕೆ ಸ್ತ್ರೀ ನಾಟಕ ಮಂಡಳಿ ಎಂದೇ ಹೆಸರಿಟ್ಟರು. ಅಲ್ಲಿ ಗಂಡು ಪಾತ್ರಗಳೂ ಹೆಂಗಸರವೇ, ಕಂಸನ ಪಾತ್ರಕ್ಕೆ ಸ್ವತಃ ನಾಗರತ್ನಮ್ಮನವರೇ ಹೆಸರಾಗಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಂಡಳಿಯ ಹೆಸರಿನಲ್ಲಿಯೇ ಉತ್ತರವಿದ್ದಾಗ "ಓನರ್ ಎಲ್ಲಿ" ಎಂದು ಯಾರು ತಾನೇ ಕೇಳಿಯಾರು? ತಾವೂ ಹೆಸರಿನ ಜೊತೆಗೆ ಒಡತಿಯೋ ಸಾರಥಿಯೋ ಹೆಂಗಸೆಂದು ತಿಳಿಯುವ ಒಂದು ಮಾತನ್ನು ಸೇರಿಸಿ ನೋಡಬಹುದು.

ದಾವಣಗೆರೆಯ ನಿರೂಪಕಿ:

ಎಲ್ಲರಿಗೂ ಕೃತಜ್ಞತೆಗಳು. ಶಿವಮೊಗ್ಗದ ಅಕ್ಕ ಹೇಳಿದಂತೆ ಹಳೆಯ ಗ್ರಾಹಕರಲ್ಲಿ ಐವರಿಗೆ ಫೋನ್ ಮಾಡಿ, ನಮ್ಮ ತಂಡವನ್ನು ಬೇರೆಯವರಿಗೆ ಏನೆಂದು ಹೇಳುತ್ತೀರಿ ಎಂದು ಕೇಳಿದೆ. ಮೂವರು ಹೇಳಿದ್ದು ಒಂದೇ ಮಾತು: ಬಂದ ನೆಂಟರನ್ನೆಲ್ಲ ವರಸೆ ಹಿಡಿದು, ಊರಿನ ಹೆಸರು ಹೇಳಿ ವೇದಿಕೆಗೆ ಕರೆಯುವವಳು. ಅದಕ್ಕಾಗಿ ನಾನು ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹೋಗಿ, ಹುಡುಗಿಯ ಅಜ್ಜಿಯ ಪಕ್ಕದಲ್ಲಿ ಕುಳಿತು, ಯಾರು ಯಾರಿಗೆ ಏನಾಗಬೇಕು ಎಂದು ಚೀಟಿಯಲ್ಲಿ ಬರೆದುಕೊಳ್ಳುವುದುಂಟು. ಅದು ಜನರ ಗಮನಕ್ಕೆ ಬಂದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮೊದಲ ವಿಡಿಯೋ ಆ ಚೀಟಿಯದೇ ಆಗಲಿ ಎಂದುಕೊಂಡಿದ್ದೇನೆ, ನೆಂಟರ ಹೆಸರು ಕಾಣದ ಹಾಗೆ.

ಇವೆಂಟ್ ಸಂಸ್ಥೆಯವರಿಗೆ, ಬ್ಯಾನರಿನ ಕೆಳಗಡೆ ನಮ್ಮ ತಂಡದ ಹೆಸರು ಒಂದಡಿ ಎತ್ತರದಲ್ಲಾದರೂ ಇರಬೇಕೆಂದು ಬರೆದು ಕಳಿಸಿದ್ದೇನೆ. ಅರ್ಧ ಅಡಿಗೆ ಒಪ್ಪಿದ್ದಾರೆ. ಹೇಗಿದ್ದರೂ ಆಷಾಢದಲ್ಲಿ ಮದುವೆಗಳಿಲ್ಲ, ಆ ಬಿಡುವಿನಲ್ಲಿ ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸಿ, ಹೆಸರು ನೋಂದಣಿಗೂ ಅರ್ಜಿ ಹಾಕುತ್ತೇನೆ. ರಸೀದಿಯ ಮೇಲೆ "ಸಾರಥ್ಯ" ಎಂದು ಬರೆಸಿ ಅದರ ಮುಂದೆ ನನ್ನ ಹೆಸರು.