ಅಂಕಿಅಂಶ ಬರೆದೇ ಜರ್ನಲ್ ತುಂಬ್ತಿದೆ

ಪ್ರಶ್ನೆ: ಕಲಬುರಗಿಯ ಒಂದು ತೊಗರಿ ಗೋದಾಮಿನ ಸರ್ವರ್ ನೋಡಿಕೊಳ್ಳುತ್ತೇನೆ. ಇಂಟರ್‌ಸಿಸ್ಟಮ್ಸ್ ಐರಿಸ್ ಎಂಬ ಡೇಟಾಬೇಸ್ ತಂತ್ರಾಂಶ. ಪ್ರತಿ 10 ಸೆಕೆಂಡಿಗೆ ಸಿಪಿಯು, ಡಿಸ್ಕ್ ಲೆಕ್ಕ ಒಂದು ಗ್ಲೋಬಲ್‌ಗೆ (ಐರಿಸ್ ಡೇಟಾ ಇಡುವ ರಚನೆ) ಬೀಳುತ್ತದೆ. ಆ ಡೇಟಾಬೇಸ್‌ಗೆ ಜರ್ನಲಿಂಗ್ (ಪ್ರತಿ ಬದಲಾವಣೆಯನ್ನೂ ಜರ್ನಲ್ ಕಡತದಲ್ಲಿ ದಾಖಲಿಸುವುದು) ಬೇಡ ಅಂತ ಇಟ್ಟಿದ್ದೇನೆ. ಆದರೂ ಜರ್ನಲ್ ಉಬ್ಬುತ್ತಿದೆ. ನಿನ್ನೆ ಮಧ್ಯಾಹ್ನ, ಆ ಕೆಂಡದಂಥ ಬಿಸಿಲಲ್ಲಿ, ಡಿಸ್ಕ್ ಫುಲ್!

ಉತ್ತರ: ಟಿಸ್ಟಾರ್ಟ್ (ಟ್ರಾನ್ಸಾಕ್ಷನ್ ಶುರು ಮಾಡುವ ಆದೇಶ) ಹಾಕಿ ಅದರೊಳಗೆ ಬರೆಯುತ್ತಿದ್ದೀರಾ? ಟ್ರಾನ್ಸಾಕ್ಷನ್ ಅಂದರೆ ಪೂರ್ತಿ ಆಗಬೇಕಾದ, ಇಲ್ಲವೇ ಪೂರ್ತಿ ರದ್ದಾಗಬೇಕಾದ ಕೆಲಸಗಳ ಗುಂಪು. ಟ್ರಾನ್ಸಾಕ್ಷನ್ ಒಳಗಿನದು ಜರ್ನಲ್‌ಗೆ ಹೋಗೇ ಹೋಗುತ್ತದೆ. ರೋಲ್‌ಬ್ಯಾಕ್‌ಗೆ, ಅಂದರೆ ರದ್ದು ಮಾಡಿ ಹಿಂದಿನಂತೆ ಮಾಡಲು, ಬೇಕಲ್ವಾ? ಆ ಗ್ಲೋಬಲ್ ಅನ್ನು ಐರಿಸ್‌ಟೆಂಪ್‌ಗೆ (ಐರಿಸ್‌ನ ತಾತ್ಕಾಲಿಕ ಡೇಟಾಬೇಸ್) ಮ್ಯಾಪ್ ಮಾಡಿ. ಅಲ್ಲಿ ಟ್ರಾನ್ಸಾಕ್ಷನ್ ಒಳಗಿದ್ದರೂ ಜರ್ನಲಿಂಗ್ ಇಲ್ಲ.

ಇನ್ನೊಂದು ಉತ್ತರ: ಆದರೆ ರೀಸ್ಟಾರ್ಟ್ ಆದರೆ ಐರಿಸ್‌ಟೆಂಪ್ ಖಾಲಿ. ನಮ್ಮ ಕಡೆ ಕರೆಂಟ್ ಗೊತ್ತಲ್ಲ! ಗಂಟೆಗೊಮ್ಮೆ ಸರಾಸರಿಯನ್ನಷ್ಟೇ ಮಾಮೂಲಿ ಡೇಟಾಬೇಸ್‌ಗೆ ಇಳಿಸಿ.

ಪ್ರಶ್ನೆ ಕೇಳಿದವನು: ಸಿಕ್ಕಿತು. ಹಳೇ ಲೂಪಿನಲ್ಲಿ ಟಿಸ್ಟಾರ್ಟ್ ಸುಮ್ನೆ ಕೂತಿತ್ತು. ಹಾಕಿದ್ದು ನಾನೇ.